ಮೊದಲ ಕಿರುಚಿತ್ರ: ಮನೆಯಂಗಳದಲ್ಲೇ ಮುಗಿಯುವಷ್ಟು ಸಣ್ಣದಿರಲಿ

ಕಾಸರಗೋಡು ಕಡೆಯವರು ಕಿರುಚಿತ್ರ ಮಾಡಲು ಹೊರಟರೆ ಮೊದಲು ನೆನಪಾಗುವುದು ಬೇಕಲ ಕೋಟೆ. ಸಮುದ್ರ, ಕಲ್ಲಿನ ಗೋಡೆ, ಮುಳುಗುವ ಸೂರ್ಯ ಎಲ್ಲ ಒಂದೇ ಕಡೆ ಸಿಗುತ್ತದೆ, ನಿಜ. ಆದರೆ ಕಲಿಯುವವರಿಗೆ ಅದು ತುಂಬ ತೊಡಕಿನ ಜಾಗ. ಕೋಟೆ ಇರುವುದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿ. ಟ್ರೈಪಾಡ್ ಇಟ್ಟು ಚಿತ್ರೀಕರಿಸಬೇಕಾದರೆ ಮೊದಲೇ ಅರ್ಜಿ ಹಾಕಿ ಲಿಖಿತ ಅನುಮತಿ ಪಡೆಯಬೇಕು. ಅನುಮತಿ ಸಿಕ್ಕಿದರೂ ಕಡಲಗಾಳಿ ಮೈಕಿಗೆ ಬಡಿದು ಮಾತು ಕೇಳಿಸುವುದಿಲ್ಲ, ಹಿನ್ನೆಲೆಯಲ್ಲಿ ಪ್ರವಾಸಿಗರು ಓಡಾಡುತ್ತಲೇ ಇರುತ್ತಾರೆ. ರೈಲ್ವೆ ನಿಲ್ದಾಣದ್ದೂ ಅದೇ ಪಾಡು, ಅಲ್ಲಿಯೂ ಇಲಾಖೆಯ ಅನುಮತಿ ಬೇಕು.

ಮೊದಲ ಚಿತ್ರಕ್ಕೆ ಒಂದು ಮನೆ, ಅದರ ಅಂಗಳ, ಸಾಧ್ಯವಾದರೆ ಪಕ್ಕದ ತೋಟ, ಇಬ್ಬರು ಪಾತ್ರಧಾರಿಗಳು, ಒಂದೇ ದಿನದಲ್ಲಿ ನಡೆದು ಮುಗಿಯುವ ಕಥೆ ಇಷ್ಟೇ ಇಟ್ಟುಕೊಳ್ಳಿ. ಉದ್ದ ಐದು ನಿಮಿಷ. ಆಸ್ಕರ್ ನಿಯಮದ ಪ್ರಕಾರ 40 ನಿಮಿಷದವರೆಗಿನದೂ ಕಿರುಚಿತ್ರವೇ, ಆದರೆ ಹೊಸಬರಿಗೆ ಆ ಲೆಕ್ಕ ಬೇಡ. ಐದು ನಿಮಿಷದ ಚಿತ್ರಕ್ಕೂ ಸುಮಾರು 40 ಶಾಟ್ (ಕ್ಯಾಮೆರಾ ಒಮ್ಮೆ ಓಡಿ ನಿಲ್ಲುವವರೆಗಿನ ತುಣುಕು) ಬೇಕಾಗುತ್ತದೆ. ಕ್ಯಾಮೆರಾ ಇಟ್ಟು, ಬೆಳಕು ನೋಡಿ, ಮಾತು ಒಪ್ಪಿಸಿ, ಒಂದೇ ಶಾಟನ್ನು ಮೂರು ಸಲ (ಮೂರು ಟೇಕ್) ತೆಗೆಯುವ ಹೊತ್ತಿಗೆ ಅರ್ಧ ಗಂಟೆ ಹೋಗುತ್ತದೆ. ದಿನಕ್ಕೆ 12ರಿಂದ 15 ಶಾಟ್ ಆದರೆ ದೊಡ್ಡದು. ಅಂದರೆ ಮೂರು ದಿನದ ಕೆಲಸ. ಇದೇ ಲೆಕ್ಕದಲ್ಲಿ 20 ನಿಮಿಷದ ಚಿತ್ರಕ್ಕೆ ಹನ್ನೆರಡು ದಿನ. ಗೆಳೆಯರು, ನೆಂಟರು ಅಷ್ಟು ದಿನ ಬಿಟ್ಟಿಯಾಗಿ ಬರುವುದಿಲ್ಲ. ಅರ್ಧಕ್ಕೆ ನಿಂತ ಚಿತ್ರಗಳಲ್ಲಿ ಹೆಚ್ಚಿನವು ನಿಂತಿರುವುದು ಇಲ್ಲಿಯೇ.

ಕಥೆಗೆ ಒಂದು ವಾಕ್ಯ ಸಾಕು

ಯಾರಿಗೆ ಏನು ಬೇಕು, ಅಡ್ಡ ಬಂದದ್ದೇನು, ಕೊನೆಗೆ ಯಾರು ಯಾವ ನಿರ್ಧಾರ ಮಾಡಿದರು. ಈ ಮೂರೂ ಒಂದು ವಾಕ್ಯದಲ್ಲಿ ಬರದಿದ್ದರೆ ಕಥೆ ಇನ್ನೂ ಹಣ್ಣಾಗಿಲ್ಲ ಎಂದೇ ಅರ್ಥ. ಒಂದು ಉದಾಹರಣೆ ಇಟ್ಟುಕೊಂಡೇ ಮುಂದೆ ಹೋಗೋಣ. ಕನ್ನಡ ಮಾತ್ರ ಓದಬಲ್ಲ ಅಜ್ಜನಿಗೆ ಕಚೇರಿಯಿಂದ ಮಲಯಾಳದಲ್ಲಿ ಬರೆದ ಕಾಗದ ಬರುತ್ತದೆ. ಮಲಯಾಳ ಬಲ್ಲ ಮೊಮ್ಮಗಳು ಶಾಲೆಯಿಂದ ಬರುವವರೆಗೆ ಕಾಯುತ್ತಾನೆ. ಅರ್ಜಿ ತಿರಸ್ಕಾರವಾಗಿದೆ ಎಂಬ ಸಾಲು ಕಂಡ ಹುಡುಗಿ ಅದನ್ನು ಓದಿ ಹೇಳಬೇಕೋ ಬೇಡವೋ ಎಂದು ತಾನೇ ತೀರ್ಮಾನಿಸಬೇಕು. ಒಂದು ಮನೆ, ಇಬ್ಬರು ಜನ, ಒಂದು ಕಾಗದ. ಗಡಿನಾಡಿನ ಯಾವ ಮನೆಯಲ್ಲೂ ನಡೆಯಬಹುದಾದ ಸಂಗತಿ, ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ.

ಚಿತ್ರಕಥೆ ಬರೆಯುವಾಗ ಪ್ರತಿ ದೃಶ್ಯದ ತಲೆಯಲ್ಲಿ ಒಳಗೋ ಹೊರಗೋ, ಯಾವ ಜಾಗ, ಯಾವ ಹೊತ್ತು ಎಂದು ಬರೆಯಿರಿ. ‘ಹೊರಗೆ, ಜಗಲಿ, ಸಂಜೆ’ ಎಂದರೆ ಸಾಕು. ಕೆಳಗೆ ಬರೆಯುವುದೆಲ್ಲ ಕಣ್ಣಿಗೆ ಕಾಣುವಂಥದ್ದು, ಕಿವಿಗೆ ಕೇಳುವಂಥದ್ದು ಮಾತ್ರ ಆಗಿರಬೇಕು. ‘ಅಜ್ಜನಿಗೆ ಬೇಸರವಾಯಿತು’ ಎಂಬುದನ್ನು ಕ್ಯಾಮೆರಾ ತೆಗೆಯಲಾರದು. ‘ಅಜ್ಜ ಕನ್ನಡಕ ತೆಗೆದ, ಕಾಗದವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿದ’ ಎಂಬುದನ್ನು ತೆಗೆಯುತ್ತದೆ. ಒಂದು ಪುಟಕ್ಕೆ ಒಂದು ನಿಮಿಷ ಎಂಬ ಸಿನಿಮಾದವರ ಲೆಕ್ಕ ಇಂಗ್ಲಿಷ್ ಚಿತ್ರಕಥೆಯ ಅಚ್ಚಿಗೆ ಹೊಂದುವಂಥದ್ದು. ಕನ್ನಡದಲ್ಲಿ ಅದನ್ನು ನಂಬಬೇಡಿ. ಗಡಿಯಾರ ಹಿಡಿದು, ಮೌನಗಳನ್ನೂ ಸೇರಿಸಿ, ಗಟ್ಟಿಯಾಗಿ ಓದಿ. ಏಳು ನಿಮಿಷ ಬಂದರೆ ಕತ್ತರಿಸಬೇಕಾದ್ದು ಈಗ, ಎಡಿಟಿಂಗ್ ಮೇಜಿನ ಮೇಲಲ್ಲ.

ಮಾತು ಯಾವ ಭಾಷೆಯಲ್ಲಿ? ಇದನ್ನು ಕಾಸರಗೋಡಿನವರು ತಪ್ಪದೆ ಕೂತು ಯೋಚಿಸಬೇಕು. ಇಲ್ಲಿನ ಒಂದೇ ಮನುಷ್ಯ ಮನೆಯಲ್ಲಿ ಹವ್ಯಕ ಕನ್ನಡ ಅಥವಾ ತುಳು, ಅಂಗಡಿಯಲ್ಲಿ ಮಲಯಾಳ, ಶಾಲೆಯ ಸಭೆಯಲ್ಲಿ ಶಿಷ್ಟ ಕನ್ನಡ ಮಾತಾಡುತ್ತಾನೆ. ಚಿತ್ರದಲ್ಲಿ ಎಲ್ಲರ ಬಾಯಲ್ಲೂ ಪುಸ್ತಕದ ಕನ್ನಡ ತುರುಕಿದರೆ ಅದು ಶಾಲಾ ವಾರ್ಷಿಕೋತ್ಸವದ ನಾಟಕದಂತೆ ಕೇಳುತ್ತದೆ. ‘ಇದರಲ್ಲಿ ಏನು ಬರೆಯಲಾಗಿದೆ?’ ಎಂದು ಯಾವ ಅಜ್ಜನೂ ಕೇಳುವುದಿಲ್ಲ, ‘ಎಂತ ಉಂಟು ಇದರಲ್ಲಿ?’ ಎಂದೇ ಕೇಳುವುದು. ಮನೆಯ ಮಾತನ್ನು ಹಾಗೆಯೇ ಬಿಡಿ. ಅರ್ಥವಾಗದವರಿಗೆ ಸಬ್‌ಟೈಟಲ್ ಇದೆ.

ಶಾಟ್ ಪಟ್ಟಿ

ಚಿತ್ರಕಥೆ ಮುಗಿದ ಮೇಲೆ ಜಾಗಕ್ಕೆ ಹೋಗಿ, ಚಿತ್ರೀಕರಣ ಮಾಡಬೇಕಾದ ಹೊತ್ತಿಗೇ ಹೋಗಿ, ಮೊಬೈಲಿನಲ್ಲಿ ಫೋಟೊ ತೆಗೆಯುತ್ತ ಪಟ್ಟಿ ಮಾಡಿ. ಪ್ರತಿ ಶಾಟ್‌ಗೆ ಒಂದು ಸಂಖ್ಯೆ, ಅಳತೆ (ದೂರದ್ದು, ಸೊಂಟದವರೆಗೆ, ಮುಖ ಮಾತ್ರ), ಯಾರಿದ್ದಾರೆ, ಏನು ಮಾಡುತ್ತಾರೆ. ಕಥೆಯ ಕ್ರಮದಲ್ಲಿ ಚಿತ್ರೀಕರಿಸಬೇಡಿ. ಕ್ಯಾಮೆರಾ ಒಂದು ದಿಕ್ಕಿಗೆ ನಿಂತಾಗ ಆ ದಿಕ್ಕಿನ ಶಾಟ್‌ಗಳನ್ನೆಲ್ಲ ಮುಗಿಸಿಕೊಂಡು ಆಮೇಲೆ ತಿರುಗಿಸಿ.

ಹೊಸಬರು ಎಡವುವುದು ಇಬ್ಬರು ಮಾತಾಡುವ ದೃಶ್ಯದಲ್ಲಿ. ಜಗಲಿಯಲ್ಲಿ ಕೂತ ಅಜ್ಜನಿಂದ ಮೊಮ್ಮಗಳವರೆಗೆ ನೆಲದ ಮೇಲೆ ಒಂದು ಗೆರೆ ಎಳೆದಿದೆ ಎಂದುಕೊಳ್ಳಿ. ಎಲ್ಲ ಶಾಟ್‌ಗಳಲ್ಲೂ ಕ್ಯಾಮೆರಾ ಆ ಗೆರೆಯ ಒಂದೇ ಬದಿಯಲ್ಲಿ, ಉದಾಹರಣೆಗೆ ಅಂಗಳದ ಬದಿಯಲ್ಲೇ ಇರಬೇಕು. ಗೆರೆ ದಾಟಿ ಮನೆಯೊಳಗಿನಿಂದ ಒಂದು ಶಾಟ್ ತೆಗೆದರೆ ಜೋಡಿಸುವಾಗ ಇಬ್ಬರೂ ಒಂದೇ ಕಡೆಗೆ ನೋಡುತ್ತ ಮೂರನೆಯವರ ಜೊತೆ ಮಾತಾಡಿದ ಹಾಗೆ ಕಾಣುತ್ತದೆ. ಜೊತೆಗೆ ಅಜ್ಜನ ಕೈ, ಕಾಗದ, ಬಾಗಿಲ ಬಳಿಯ ಚಪ್ಪಲಿ, ಶಾಲೆಯ ಚೀಲ ಇಂಥ ಐದಾರು ಹತ್ತಿರದ ಶಾಟ್ ಬೇರೆಯಾಗಿ ತೆಗೆದಿಡಿ. ಎರಡು ಟೇಕ್ ಹೊಂದದಿದ್ದಾಗ ನಡುವೆ ಸೇರಿಸಿ ಸರಿಪಡಿಸಲು ಇವು ಬೇಕು.

ಕಾಗದವನ್ನು ನೀವೇ ಮಾಡಿ. ಸರಕಾರಿ ಲಾಂಛನ, ನಿಜವಾದ ಕಚೇರಿಯ ಮುದ್ರೆ ನಕಲು ಮಾಡಬೇಡಿ. ಮಲಯಾಳ ಅಕ್ಷರ ಕಂಡರೆ ಸಾಕು. ಒಂದೇ ತರಹದ್ದು ಐದು ಪ್ರತಿ ಮುದ್ರಿಸಿಕೊಳ್ಳಿ. ಲಕೋಟೆಯಿಂದ ತೆಗೆಯುವ ಟೇಕ್ ನಾಲ್ಕು ಸಲ ಆದಾಗ ಮೊದಲ ಪ್ರತಿ ಮುದುಡಿ ಹೋಗಿರುತ್ತದೆ.

ಮೊಬೈಲ್ ಕ್ಯಾಮೆರಾ: ಈ ಅಂಕಿಗಳನ್ನು ಹಾಕಿ

ಮೊಬೈಲಿನದೇ ಕ್ಯಾಮೆರಾ ಆ್ಯಪ್ ಶಾಟ್‌ನ ನಡುವೆ ಬೆಳಕು, ಬಣ್ಣ ಬದಲಿಸುತ್ತ ಇರುತ್ತದೆ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಅಥವಾ ಓಪನ್ ಕ್ಯಾಮೆರಾ ಹಾಕಿಕೊಳ್ಳಿ, ಎರಡೂ ಉಚಿತ. ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ), ಶಟರ್ (ಒಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡು. ನಮ್ಮ ಕರೆಂಟು 50 ಹರ್ಟ್ಸ್‌ನದು. ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿಣುಕುತ್ತದೆ, 1/50ಕ್ಕೆ ಸರಿಯಾಗಿ ಎರಡು ಮಿಣುಕು ಹೊಂದುತ್ತದೆ. 30 ಫ್ರೇಮ್, 1/60 ಇಟ್ಟು ಮನೆಯೊಳಗೆ ತೆಗೆದರೆ ಗೋಡೆಯ ಮೇಲೆ ಕಪ್ಪು ಪಟ್ಟೆಗಳು ಹರಿದಾಡುತ್ತವೆ, ಆಮೇಲೆ ಅವನ್ನು ತೆಗೆಯುವುದು ಬಹಳ ಕಷ್ಟ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆದಷ್ಟು ಕಡಿಮೆ; 800 ದಾಟಿದರೆ ಹೆಚ್ಚಿನ ಮೊಬೈಲ್‌ಗಳಲ್ಲಿ ಕತ್ತಲ ಭಾಗದಲ್ಲಿ ಕಾಳುಕಾಳು ಕಾಣತೊಡಗುತ್ತದೆ. ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣಲು ಬಣ್ಣದ ಹೊಂದಾಣಿಕೆ) ಹೊರಗೆ 5600 ಕೆಲ್ವಿನ್‌ಗೆ ಲಾಕ್ ಮಾಡಿ. ಡಿಜಿಟಲ್ ಜೂಮ್ ಮುಟ್ಟಬೇಡಿ, ನೀವೇ ಹತ್ತಿರ ಹೋಗಿ.

ಬಿಸಿಲಿನಲ್ಲಿ 1/50 ಇಟ್ಟರೆ ಚಿತ್ರ ಪೂರಾ ಬೆಳ್ಳಗಾಗುತ್ತದೆ, ಏಕೆಂದರೆ ಹೆಚ್ಚಿನ ಮೊಬೈಲುಗಳ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಕಿರಿದು ಮಾಡಲು ಆಗುವುದಿಲ್ಲ. ಲೆನ್ಸ್‌ನ ಮೇಲೆ ಸಿಕ್ಕಿಸುವ, ಬೆಳಕು ತಗ್ಗಿಸುವ ಗಾಜಾದ ಎನ್‌ಡಿ ಫಿಲ್ಟರ್ ಬೇಕಾಗುವುದು ಇದಕ್ಕೇ. ನೇರ ಬಿಸಿಲಿಗೆ ಎನ್‌ಡಿ 64, ಮನೆಯ ನೆರಳಿಗೆ ಎನ್‌ಡಿ 8 ಸುಮಾರಾಗಿ ಹೊಂದುತ್ತದೆ. ಫಿಲ್ಟರ್ ಇಲ್ಲದಿದ್ದರೆ ಬಿಸಿಲಿನ ದೃಶ್ಯಗಳನ್ನು ನೆರಳಿಗೆ ತನ್ನಿ. ಶಟರ್ 1/1000 ಮಾಡಿ ತೆಗೆದ ಓಟ, ಕೈಯಾಟ ಎಲ್ಲ ತಡೆತಡೆದು ಚಲಿಸಿದಂತೆ ಕಾಣುತ್ತದೆ.

4ಕೆಯಲ್ಲಿ ಸೆಕೆಂಡಿಗೆ 50 ಮೆಗಾಬಿಟ್‌ನಂತೆ ತೆಗೆದರೆ ನಿಮಿಷಕ್ಕೆ ಸುಮಾರು 375 ಎಂಬಿ. ಐದು ನಿಮಿಷದ ಚಿತ್ರಕ್ಕೆ ಎಲ್ಲ ಟೇಕ್ ಸೇರಿ 40 ನಿಮಿಷದ ಫೂಟೇಜ್ ಆಯಿತೆಂದರೆ 15 ಜಿಬಿ. ದುಪ್ಪಟ್ಟು ಜಾಗ ಖಾಲಿ ಇರಲಿ. ಏರೋಪ್ಲೇನ್ ಮೋಡ್ ಹಾಕಿ. ಒಳ್ಳೆಯ ಟೇಕ್‌ನ ನಡುವೆ ಕರೆ ಬಂದರೆ ರೆಕಾರ್ಡಿಂಗ್ ನಿಲ್ಲಬಹುದು. ಪ್ರತಿ ಶಾಟ್‌ಗೆ ಮೊದಲು ಲೆನ್ಸ್ ಒರಸಿ. ಕರಾವಳಿಯ ಸೆಖೆಯಲ್ಲಿ ಬೆರಳ ಜಿಡ್ಡು ಕೂತ ಲೆನ್ಸ್ ದೀಪಗಳ ಸುತ್ತ ಮಂಜು ಬರಿಸುತ್ತದೆ. ಎಸಿ ಕಾರಿನಿಂದ ಇಳಿಸಿದ ಕ್ಯಾಮೆರಾ ಹತ್ತು ಹದಿನೈದು ನಿಮಿಷ ಹೊರಗಿರಲಿ, ತಣ್ಣಗಿದ್ದ ಲೆನ್ಸ್‌ಗೆ ಹಿಡಿದ ಆವಿ ಆರಬೇಕು. ಮಾರ್ಚ್, ಏಪ್ರಿಲ್ ಬಿಸಿಲಿಗೆ ಮೊಬೈಲ್ ಬಿಸಿಯಾಗಿ ತಾನೇ ನಿಲ್ಲುವುದೂ ಉಂಟು. ಟೇಕ್‌ಗಳ ನಡುವೆ ನೆರಳಿನಲ್ಲಿಡಿ.

ಬೆಳಕು: ತೋಟ, ಅಂಗಳ, ಸುರಂಗ

ಅಡಿಕೆ ತೋಟ ಕಣ್ಣಿಗೆ ಎಷ್ಟು ಚೆಂದವೋ ಕ್ಯಾಮೆರಾಕ್ಕೆ ಅಷ್ಟೇ ಕಷ್ಟ. ನಡುಮಧ್ಯಾಹ್ನ ಸೋಗೆಯ ಸಂದಿನಿಂದ ಬಿಸಿಲು ಮುಖದ ಮೇಲೆ ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ, ಚುಕ್ಕೆ ಬೆಳ್ಳಗೆ, ಉಳಿದದ್ದು ಕಪ್ಪು. ಹಸಿರಿನಿಂದ ಬಂದ ಬೆಳಕು ಚರ್ಮಕ್ಕೂ ಹಸಿರು ಬಳಿಯುತ್ತದೆ. ಬೆಳಗ್ಗೆ ಎಂಟೂವರೆಯೊಳಗೆ ಅಥವಾ ಮೋಡ ಕವಿದ ಹೊತ್ತಿನಲ್ಲಿ ತೆಗೆಯಿರಿ. ಮುಖದ ಎದುರು, ಕ್ಯಾಮೆರಾದ ಪಕ್ಕ, ಬಿಳಿ ಥರ್ಮಾಕೋಲ್ ಹಾಳೆ ಅಥವಾ ಬಿಳಿ ಪಂಚೆ ಬಿಡಿಸಿ ಹಿಡಿದರೆ ಹಸಿರು ತಗ್ಗಿ ಕಣ್ಣಿಗೆ ಹೊಳಪು ಬರುತ್ತದೆ. ಸಂಜೆಯ ಲೆಕ್ಕದಲ್ಲಿ ಎಚ್ಚರ: ಕಡಲ ಬದಿಯಲ್ಲಿ ಸೂರ್ಯ ಡಿಸೆಂಬರಿನಲ್ಲಿ ಆರು ಗಂಟೆಯ ಹೊತ್ತಿಗೆ, ಜೂನಿನಲ್ಲಿ ಏಳರ ಹತ್ತಿರ ಮುಳುಗಿದರೆ, ಗುಡ್ಡಗಳ ನಡುವಿನ ತೋಟದಲ್ಲಿ ಕತ್ತಲಾಗುವುದು ಅದಕ್ಕಿಂತ ಎಷ್ಟೋ ಮೊದಲು.

ಡಿಸೆಂಬರಿನಿಂದ ಮುಂದೆ ಅಂಗಳದಲ್ಲಿ ಅಡಿಕೆ ಒಣಗಲು ಹರಡಿರುತ್ತದೆ. ನೋಡಲು ಒಳ್ಳೆಯ ಹಿನ್ನೆಲೆ. ಆದರೆ ಮಧ್ಯಾಹ್ನ ಮನೆಯವರು ಅದನ್ನು ಕೆದಕಿ ತಿರುವಿ ಹಾಕುತ್ತಾರೆ, ಸಂಜೆ ರಾಶಿ ಮಾಡುತ್ತಾರೆ. ಒಂದೇ ದೃಶ್ಯದ ಎರಡು ಶಾಟ್‌ಗಳಲ್ಲಿ ಒಂದರಲ್ಲಿ ಹರಡಿದ ಅಡಿಕೆ, ಇನ್ನೊಂದರಲ್ಲಿ ಖಾಲಿ ಅಂಗಳ ಬಂದರೆ ನಮ್ಮ ಕಡೆಯ ಪ್ರೇಕ್ಷಕರು ಕೂಡಲೇ ಹಿಡಿಯುತ್ತಾರೆ. ಮನೆಯವರೊಡನೆ ಮೊದಲೇ ಮಾತಾಡಿಕೊಳ್ಳಿ, ಪ್ರತಿ ಶಾಟ್ ಮುಗಿದ ಕೂಡಲೆ ಒಂದು ಫೋಟೊ ತೆಗೆದಿಡಿ.

ದೀಪವಿಲ್ಲದೆ ಒಳ್ಳೆಯ ಬೆಳಕು ಕಲಿಯಬೇಕಾದರೆ ಸುರಂಗದ ಬಾಯಿಗೆ ಹೋಗಿ. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ಬರಿಸಿದ ಸುರಂಗಗಳು ಬದಿಯಡ್ಕ, ಪೆರ್ಲ, ಎಣ್ಮಕಜೆ ಕಡೆಯ ತೋಟಗಳಲ್ಲಿ ಇನ್ನೂ ಬಳಕೆಯಲ್ಲಿವೆ. ಪಾತ್ರಧಾರಿಯನ್ನು ಬಾಯಿಯಿಂದ ಮೂರ್ನಾಲ್ಕು ಅಡಿ ಒಳಗೆ, ಹೊರಗೆ ಮುಖ ಮಾಡಿ ನಿಲ್ಲಿಸಿ, ಕ್ಯಾಮೆರಾ ಹೊರಗಿರಲಿ. ಆಕಾಶದ ಬೆಳಕು ಮುಖಕ್ಕೆ ಮೆತ್ತಗೆ ಬೀಳುತ್ತದೆ, ಹಿಂದೆಲ್ಲ ಕಪ್ಪು. ಎಕ್ಸ್‌ಪೋಶರ್ (ಚಿತ್ರಕ್ಕೆ ಬೀಳುವ ಬೆಳಕಿನ ಪ್ರಮಾಣ) ಮುಖಕ್ಕೆ ಹೊಂದಿಸಿ ಲಾಕ್ ಮಾಡಿ, ಇಲ್ಲದಿದ್ದರೆ ಕ್ಯಾಮೆರಾ ಕತ್ತಲೆಯನ್ನು ಬೆಳಗಿಸಲು ಹೋಗಿ ಮುಖವನ್ನು ಸುಟ್ಟುಬಿಡುತ್ತದೆ. ಶೂಟಿಂಗಿಗಾಗಿ ಒಳಗೆ ದೂರ ಹೋಗಬೇಡಿ: ಆಳದಲ್ಲಿ ಗಾಳಿ ಕಡಿಮೆ, ಮಳೆಗಾಲದಲ್ಲಿ ಮಣ್ಣು ಕುಸಿಯುತ್ತದೆ.

ಧ್ವನಿ: ಇಲ್ಲಿ ಉಳಿತಾಯ ಬೇಡ

ಮಸುಕಾದ ಚಿತ್ರವನ್ನು ಜನ ಸಹಿಸುತ್ತಾರೆ, ಕೇಳದ ಮಾತನ್ನು ಸಹಿಸುವುದಿಲ್ಲ. ಹಣ ಒಂದಿಷ್ಟೇ ಇದ್ದರೆ ಅದು ಮೈಕಿಗೆ ಹೋಗಲಿ, ಕೈನಡುಕ ತಡೆಯುವ ಗಿಂಬಲ್‌ಗಲ್ಲ. ಅಂಗಿಗೆ ಸಿಕ್ಕಿಸುವ ವೈರಿನ ಕಾಲರ್ ಮೈಕ್ ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ. ಕೊಳ್ಳುವಾಗ ಅದರ ಪಿನ್ ನೋಡಿ: ಮೂರು ಕಪ್ಪು ಉಂಗುರ ಇದ್ದರೆ ಮೊಬೈಲಿಗೆ, ಎರಡೇ ಇದ್ದರೆ ಕ್ಯಾಮೆರಾಕ್ಕೆ. ತಪ್ಪಿದ್ದನ್ನು ಸಿಕ್ಕಿಸಿದರೆ ಮೊಬೈಲ್ ತನ್ನ ಒಳಗಿನ ಮೈಕನ್ನೇ ಬಳಸುತ್ತಿರುತ್ತದೆ, ನಿಮಗೆ ಗೊತ್ತಾಗುವುದಿಲ್ಲ. ಹಾಗಾಗಿ ರೆಕಾರ್ಡಿಂಗ್ ಒತ್ತಿ ಮೈಕಿನ ತಲೆಯನ್ನು ಉಗುರಿನಿಂದ ಒಮ್ಮೆ ಗೀರಿ, ಇಯರ್‌ಫೋನಿನಲ್ಲಿ ಕೇಳಿ ನೋಡಿ.

ಚಿತ್ರ ತೆಗೆಯುವ ಮೊಬೈಲಿಗೆ ಉದ್ದ ವೈರ್ ಎಳೆಯಬೇಕಾಗಿಲ್ಲ. ಇನ್ನೊಂದು ಹಳೆಯ ಮೊಬೈಲನ್ನು ಪಾತ್ರಧಾರಿಯ ಸೊಂಟಕ್ಕೆ ಸಿಕ್ಕಿಸಿ, ಮೈಕನ್ನು ಗಂಟಲಿನಿಂದ ಒಂದು ಗೇಣು ಕೆಳಗೆ ಬಟ್ಟೆಯೊಳಗೆ ಟೇಪ್ ಹಚ್ಚಿ ಕೂರಿಸಿ. ಗರಿಗರಿ ಕಾಟನ್ ಅಂಗಿ, ರೇಷ್ಮೆ ಸೀರೆ ಮೈಕಿಗೆ ಉಜ್ಜಿ ಪರಪರ ಸದ್ದು ಮಾಡುತ್ತವೆ; ಹಳೆಯ ಮೆತ್ತನೆ ಬಟ್ಟೆ ಉತ್ತಮ. ಆ್ಯಪಿನಲ್ಲಿ ಶಬ್ದದ ಮಟ್ಟ ತೋರಿಸುವ ಗೆರೆ ಮಾತಿನ ಹೊತ್ತಿಗೆ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ಆಡಬೇಕು, ಸೊನ್ನೆ ಮುಟ್ಟಿದರೆ ಒಡೆದ ಶಬ್ದ, ಅದು ಸರಿಯಾಗುವುದಿಲ್ಲ. ಎರಡೂ ಮೊಬೈಲಿನಲ್ಲಿ ರೆಕಾರ್ಡಿಂಗ್ ಶುರುವಾದ ಮೇಲೆ ‘ಶಾಟ್ ಏಳು, ಟೇಕ್ ಎರಡು’ ಎಂದು ಹೇಳಿ ಕ್ಯಾಮೆರಾಕ್ಕೆ ಕಾಣುವಂತೆ ಒಂದು ಚಪ್ಪಾಳೆ ತಟ್ಟಿ. ಎಡಿಟಿಂಗ್‌ನಲ್ಲಿ ಅಂಗೈ ಕೂಡಿದ ಫ್ರೇಮಿಗೆ ಸದ್ದಿನ ಮೊನೆಯನ್ನು ಹೊಂದಿಸಿದರೆ ಮಾತು, ತುಟಿ ಸೇರುತ್ತವೆ.

ಟೇಕ್‌ಗೆ ಮೊದಲು ಫ್ರಿಜ್, ಫ್ಯಾನ್, ತೋಟದ ಪಂಪು ನಿಲ್ಲಿಸಿ. ಫ್ರಿಜ್ ಮತ್ತೆ ಹಾಕಲು ಮರೆಯದಂತೆ ಯಾರಾದರೊಬ್ಬರ ಗಾಡಿಯ ಕೀಲಿ ಅದರೊಳಗೆ ಇಡಿ. ತಗಡಿನ ಮಾಡಿನ ಕೆಳಗೆ ಮಳೆಯಲ್ಲಿ ಮಾತಿನ ದೃಶ್ಯ ಬೇಡ. ಸಂಜೆ ಜೀರುಂಡೆ ಶುರುವಾದ ಮೇಲೆ ತೆಗೆದ ಟೇಕನ್ನು ಮೊದಲಿನದಕ್ಕೆ ಜೋಡಿಸಿದರೆ ಕಟ್ ಆದ ಕಡೆಯಲ್ಲೆಲ್ಲ ಜೀರುಂಡೆ ಬಂದು ಹೋಗುತ್ತದೆ. ಅದಕ್ಕೇ ಪ್ರತಿ ಜಾಗದಲ್ಲೂ ಕೆಲಸ ಮುಗಿದ ಮೇಲೆ ಎಲ್ಲರೂ ಅಲುಗದೆ ನಿಂತು ಒಂದು ನಿಮಿಷ ಬರಿಯ ಜಾಗದ ಸದ್ದನ್ನು ರೆಕಾರ್ಡ್ ಮಾಡಿ. ಜೋಡಣೆಯ ಬಿರುಕುಗಳ ಕೆಳಗೆ ಅದನ್ನು ಹಾಸಿದರೆ ಕಿವಿಗೆ ತಡೆ ತಿಳಿಯುವುದಿಲ್ಲ. ಕಾಗದ ಮಡಚುವ ಸದ್ದು, ಬಾಗಿಲಿನ ಸದ್ದು, ದೂರದ ಬಸ್ಸು ಇವನ್ನೂ ಹತ್ತಿರ ಮೈಕ್ ಹಿಡಿದು ಬೇರೆಯಾಗಿ ತೆಗೆದಿಡಿ.

ನಟಿಸುವವರು

ಕುಂಬಳೆ ಸೀಮೆಯಲ್ಲಿ ಯಕ್ಷಗಾನ, ತಾಳಮದ್ದಳೆ ಬಲ್ಲವರು ಊರೂರಿಗೂ ಇದ್ದಾರೆ. ಅವರಿಗೆ ಮಾತಿನ ಮೇಲೆ ಹಿಡಿತವಿದೆ, ಅಳುಕಿಲ್ಲ. ಆದರೆ ಬಯಲಿನ ಕೊನೆಯ ಸಾಲಿಗೆ ತಲುಪಬೇಕಾದ ಸ್ವರ, ಹುಬ್ಬು, ಕೈ ಎರಡು ಅಡಿ ದೂರದ ಕ್ಯಾಮೆರಾಕ್ಕೆ ವಿಪರೀತವಾಗುತ್ತದೆ. ‘ಕಡಿಮೆ ಮಾಡಿ’ ಎಂದರೆ ಕೆಲಸವಾಗುವುದಿಲ್ಲ. ಕೈಗೆ ಕೆಲಸ ಕೊಡಿ: ಅಡಿಕೆ ಸುಲಿಯುತ್ತ, ವೀಳ್ಯಕ್ಕೆ ಸುಣ್ಣ ಹಚ್ಚುತ್ತ ಮಾತಾಡಲಿ. ಗಮನ ಕೆಲಸದ ಕಡೆ ಹೋದಾಗ ಸ್ವರ ತಾನಾಗಿ ಮನೆಯ ಮಟ್ಟಕ್ಕೆ ಇಳಿಯುತ್ತದೆ. ಮಕ್ಕಳಿಗೆ ಮಾತು ಬಾಯಿಪಾಠ ಮಾಡಿಸಬೇಡಿ. ವಿಷಯ ಹೇಳಿ, ಅವರ ಮಾತಿನಲ್ಲೇ ಹೇಳಲಿ. ಮಗುವಿಗೆ ಎರಡು ಗಂಟೆಗಿಂತ ಹೆಚ್ಚು ಕೆಲಸ ಬೇಡ. ದೊಡ್ಡ ಪಾತ್ರಧಾರಿಗಳಿಂದ, ಮಕ್ಕಳಿದ್ದರೆ ಅವರ ಹೆತ್ತವರಿಂದ, ಚಿತ್ರೀಕರಿಸುವ ಮನೆಯವರಿಂದಲೂ ಒಪ್ಪಿಗೆಯನ್ನು ಬರೆದು ಸಹಿ ಹಾಕಿಸಿಕೊಳ್ಳಿ. ಮುಂದೆ ಉತ್ಸವಕ್ಕೆ ಕಳಿಸುವಾಗ ಇದು ಬೇಕಾಗುತ್ತದೆ.

ಕೋಲ, ತೆಯ್ಯಂ ಚಿತ್ರದಲ್ಲಿ ಸೇರಿಸುವ ಆಸೆ ಹಲವರಿಗೆ. ಅದು ನಂಬಿಕೆಯ ಆಚರಣೆ, ಸೆಟ್ ಅಲ್ಲ. ದೈವಸ್ಥಾನದವರನ್ನೂ ವೇಷ ಕಟ್ಟುವವರನ್ನೂ ಮೊದಲೇ ಕೇಳಿ, ಬೇಡವೆಂದರೆ ಬಿಟ್ಟುಬಿಡಿ. ಕಥೆಗೆ ಸಂಬಂಧವಿಲ್ಲದೆ ಬರೀ ಬಣ್ಣಕ್ಕಾಗಿ ಹಾಕಿದ ಕೋಲ ಚಿತ್ರವನ್ನೂ ತಗ್ಗಿಸುತ್ತದೆ, ಆಚರಣೆಯನ್ನೂ.

ಜೋಡಣೆ

ಜಾಗ ಬಿಡುವ ಮೊದಲೇ ಫೂಟೇಜಿನ ಎರಡು ಪ್ರತಿ ಎರಡು ಬೇರೆ ಡಿಸ್ಕಿನಲ್ಲಿ ಇರಬೇಕು. ಮೊಬೈಲುಗಳು ಫ್ರೇಮ್ ಸಂಖ್ಯೆಯನ್ನು ಏರಿಳಿಸುತ್ತ ರೆಕಾರ್ಡ್ ಮಾಡುವುದರಿಂದ ಉದ್ದ ಶಾಟ್‌ಗಳಲ್ಲಿ ಮಾತು ನಿಧಾನಕ್ಕೆ ತುಟಿಯಿಂದ ಜಾರುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಸ್ಥಿರ 25 ಫ್ರೇಮಿಗೆ ಬದಲಿಸಿಕೊಂಡರೆ ಸರಿಯಾಗುತ್ತದೆ. 16 ಜಿಬಿ ರ‍್ಯಾಮ್ ಇರುವ ಕಂಪ್ಯೂಟರಿನಲ್ಲಿ ಎಡಿಟಿಂಗಿಗೆ ಡಾವಿಂಚಿ ರಿಸಾಲ್ವ್, ಅದಕ್ಕಿಂತ ಹಳೆಯದಕ್ಕೆ ಶಾಟ್‌ಕಟ್ ಅಥವಾ ಕೆಡೆನ್‌ಲೈವ್. ಮೂರಕ್ಕೂ ದುಡ್ಡು ಕೊಡಬೇಕಾಗಿಲ್ಲ.

ಮೊದಲು ಎಲ್ಲ ದೃಶ್ಯಗಳನ್ನು ಒರಟಾಗಿ ಕ್ರಮಕ್ಕೆ ಜೋಡಿಸಿ, ಎಂಟು ನಿಮಿಷ ಬಂದರೂ ಚಿಂತೆಯಿಲ್ಲ. ಆಮೇಲೆ ಪ್ರತಿ ಶಾಟ್‌ನ ಮೊದಲ ಮತ್ತು ಕೊನೆಯ ಸೆಕೆಂಡುಗಳನ್ನು ಕತ್ತರಿಸುತ್ತ ಬನ್ನಿ. ಮಾತಾಡುವವರ ಮುಖವನ್ನೇ ತೋರಿಸಬೇಕೆಂದಿಲ್ಲ. ಮೊಮ್ಮಗಳು ಕಾಗದ ಓದುವ ಸ್ವರ ಅಜ್ಜನ ಮುಖದ ಮೇಲೆ ಕೇಳಲಿ. ಅವಳು ತಡೆದು ನಿಂತ ಕ್ಷಣ ಮಾತ್ರ ಅವಳಿಗೆ ಕಟ್ ಮಾಡಿ. ಇಡೀ ಕಥೆ ಆ ಒಂದು ಕಟ್‌ನಲ್ಲಿದೆ, ಅದಕ್ಕೆ ಬೇಕಾದಷ್ಟು ದಿನ ಕೊಡಿ. ಬಣ್ಣ ತಿದ್ದುವುದು, ಸಂಗೀತ ಹಾಕುವುದು ಜೋಡಣೆ ಪೂರ್ತಿ ಗಟ್ಟಿಯಾದ ಮೇಲೆ. ಸಿನಿಮಾ ಹಾಡು ಬಳಸಬೇಡಿ: ಯೂಟ್ಯೂಬ್ ತಾನೇ ಪತ್ತೆ ಹಚ್ಚುತ್ತದೆ, ಉತ್ಸವಗಳು ಹಕ್ಕಿನ ಪತ್ರ ಕೇಳುತ್ತವೆ. ಊರಿನ ಕೊಳಲಿನವರೋ ಚೆಂಡೆಯವರೋ ಒಂದು ನಿಮಿಷ ನುಡಿಸಿ ಕೊಟ್ಟರೆ ಅದೇ ಮೇಲು, ಅವರ ಒಪ್ಪಿಗೆಯೂ ಬರಹದಲ್ಲಿರಲಿ.

ಶೀರ್ಷಿಕೆ ಹಾಕುವಾಗ ಕನ್ನಡದ ಒತ್ತಕ್ಷರ ನೋಡಿಕೊಳ್ಳಿ. ಕೆಲವು ಎಡಿಟಿಂಗ್ ಆ್ಯಪ್‌ಗಳಲ್ಲಿ ‘ಅಜ್ಜ’ ಎಂಬುದು ‘ಅಜ್‌ಜ’ ಎಂದು ಒಡೆಯುತ್ತದೆ, ಇನ್ನು ಕೆಲವದರಲ್ಲಿ ಒತ್ತು ಕೆಳಗೆ ಕತ್ತರಿಸಿ ಹೋಗುತ್ತದೆ. ಹಾಗಾದರೆ ಶೀರ್ಷಿಕೆಯನ್ನು ಚಿತ್ರ ಬರೆಯುವ ಸಾಫ್ಟ್‌ವೇರಾದ ಇಂಕ್‌ಸ್ಕೇಪ್‌ನಲ್ಲಿ ಬರೆದು ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರವಾಗಿ ತಂದು ಸೇರಿಸಿ. ಸಬ್‌ಟೈಟಲ್ ಒಂದು ಸಲಕ್ಕೆ ಎರಡು ಸಾಲಿಗಿಂತ ಹೆಚ್ಚಿರಬಾರದು, ಕಡಿಮೆಯೆಂದರೆ ಒಂದೂವರೆ ಸೆಕೆಂಡು, ಹೆಚ್ಚೆಂದರೆ ಆರು ಸೆಕೆಂಡು ನಿಲ್ಲಲಿ. ಎಸ್‌ಆರ್‌ಟಿ (ಸಬ್‌ಟೈಟಲ್) ಫೈಲನ್ನು ಯುಟಿಎಫ್-8 ಎಂಬ ಅಕ್ಷರ ವಿಧಾನದಲ್ಲಿ ಉಳಿಸಿ, ಇಲ್ಲದಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ. ನಮ್ಮ ಚಿತ್ರಕ್ಕೆ ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಫೈಲ್ ಮಾಡಿಡುವುದು ಒಳ್ಳೆಯದು.

ಕಳಿಸುವ ಮೊದಲು

ಕೇರಳ ರಾಜ್ಯ ಚಲಚಿತ್ರ ಅಕಾಡೆಮಿ ತಿರುವನಂತಪುರದಲ್ಲಿ ನಡೆಸುವ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರಗಳ ಅಂತಾರಾಷ್ಟ್ರೀಯ ಉತ್ಸವ ಒಂದು ಕಡೆ, ಬೆಂಗಳೂರಿನ ಕಿರುಚಿತ್ರೋತ್ಸವ ಇನ್ನೊಂದು ಕಡೆ. ಕಾಸರಗೋಡಿನವರು ಎರಡಕ್ಕೂ ಕಳಿಸಬಹುದು. ಹಲವು ಉತ್ಸವಗಳ ಅರ್ಜಿ ಫಿಲ್ಮ್‌ಫ್ರೀವೇ ಜಾಲತಾಣದ ಮೂಲಕ ಹೋಗುತ್ತದೆ. ಪ್ರವೇಶ ಶುಲ್ಕ, ಉದ್ದದ ಮಿತಿ, ಚಿತ್ರ ಮುಗಿಸಿದ ವರ್ಷ ಈ ಮೂರನ್ನು ನಿಯಮದಲ್ಲಿ ಓದಿ. ಆಗಲೇ ಯೂಟ್ಯೂಬಿಗೆ ಹಾಕಿದ ಚಿತ್ರವನ್ನು ಕೆಲವು ಉತ್ಸವಗಳು ಸ್ವೀಕರಿಸುವುದಿಲ್ಲ, ಆದ್ದರಿಂದ ಅಲ್ಲಿಯವರೆಗೆ ಪಾಸ್‌ವರ್ಡ್ ಇರುವ ಲಿಂಕಿನಲ್ಲಿ ಮಾತ್ರ ಇಡಿ. ಸಬ್‌ಟೈಟಲ್ ಇಲ್ಲದ ಒಂದು ಮಾಸ್ಟರ್ ಪ್ರತಿ, ಇಂಗ್ಲಿಷ್ ಸಬ್‌ಟೈಟಲ್ ಚಿತ್ರದಲ್ಲೇ ಮೂಡಿಸಿದ ಒಂದು ಪ್ರತಿ, ಮೂರು ಸ್ಥಿರಚಿತ್ರ, ಐವತ್ತು ಪದಗಳ ಕಥಾಸಾರ, ಸಹಿ ಹಾಕಿದ ಒಪ್ಪಿಗೆ ಪತ್ರಗಳ ಸ್ಕ್ಯಾನ್ ಇವೆಲ್ಲ ಒಂದೇ ಫೋಲ್ಡರಿನಲ್ಲಿರಲಿ, ಫೈಲ್ ಹೆಸರಿನಲ್ಲಿ ತಾರೀಕು ಇರಲಿ.